ಏಳೂರ ಕಟ್ಟೆಗೆ ಮುಂದಿನ ಹೆಸರು

ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಕದಿರೇಶನನ್ನು ಬಿಟ್ಟುಬಿಟ್ಟರು ಎಂಬ ಸುದ್ದಿ ಬಂದಾಗ ನಾನು ಪೂಜೆಗೆ ಕುಳಿತಿದ್ದೆ. ಫೋನು ಎತ್ತಿದವಳು ನನ್ನ ಹೆಂಡತಿ ಶ್ಯಾಮಲಮ್ಮ. ದೇವರ ಮನೆಯ ಬಾಗಿಲಿಗೆ ಬಂದು ನಿಂತು, "ಕೋಲಾರದಿಂದ ರಂಜಿತ ಮಾಡಿದ್ಲು. ವೆಂಕಟನ ಕೇಸು ಹೋಯ್ತಂತೆ" ಎಂದಳು. ನಾನು ಕೈಯಲ್ಲಿದ್ದ ತುಳಸಿಯನ್ನು ಏರಿಸಿದೆ. ಮಂಗಳಾರತಿ ಎತ್ತಿದೆ. ನಮಸ್ಕಾರ ಮಾಡಿ ಎದ್ದೆ. ನಡುವೆ ಎದ್ದು ಬರಬೇಕಾದ ಸುದ್ದಿ ಅದು ಎಂದು ನನಗೆ ತೋಚಲೇ ಇಲ್ಲ. ಹೊರಗೆ ಬಂದು, "ಕಾಫಿ ಇದೆಯಾ?" ಎಂದು ಕೇಳಿದೆ. ಅವಳು ಕೊಟ್ಟಳು.

ವೆಂಕಟ ನಮಗೆ ಒಬ್ಬನೇ ಮಗ. ಮಾವಿನ ಕಾಲ ಬಂತೆಂದರೆ ಅವನೂ ನಮ್ಮೂರಿನ ಕದಿರೇಶನೂ ಸೇರಿ ಯಲ್ದೂರಿನ ಕಡೆ ತೋಟಗಳನ್ನು ಫಸಲಿಗೆ ಹಿಡಿದು ಶ್ರೀನಿವಾಸಪುರದ ಮಂಡಿಗೆ ಕಾಯಿ ಸಾಗಿಸುತ್ತಿದ್ದರು. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರು. ಒಂದು ವರ್ಷ ಫಸಲು ಮುಗಿಯುವ ಹೊತ್ತಿಗೆ ಇಬ್ಬರ ನಡುವೆ ಮಾತು ಬೆಳೆಯಿತು. ಅದಾದ ಮೂರನೆಯ ದಿನ ವೆಂಕಟ ತೋಟದ ಬಾವಿಯಲ್ಲಿ ಸಿಕ್ಕಿದ. ತಲೆಯ ಹಿಂದೆ ಗಾಯವಿತ್ತು. ಇಬ್ಬರೂ ಒಂದೇ ಬೈಕಿನಲ್ಲಿ ತೋಟದ ಕಡೆ ಹೋದದ್ದನ್ನು ಕಂಡವರಿದ್ದರು. ಕದಿರೇಶ ಒಬ್ಬನೇ ಹಿಂದಿರುಗಿದ್ದನ್ನೂ ಕಂಡಿದ್ದರು. ಕೆಳಗಿನ ಕೋರ್ಟು ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಎಂಟು ವರ್ಷದ ಮೇಲೆ ದೆಹಲಿಯವರು ಹೇಳಿದ್ದು ಇಷ್ಟು: ಜೊತೆಯಲ್ಲಿದ್ದದ್ದನ್ನು ಕಂಡರೆ ಸಾಲದು, ಕೊಂದದ್ದಕ್ಕೆ ಸಾಕ್ಷಿ ಬೇಕು. ಕಾಲು ಜಾರಿ ಬಿದ್ದಿರಬಹುದು. ಅನುಮಾನವಿದ್ದಾಗ ಅದರ ಲಾಭ ಆರೋಪಿಗೆ ಸಲ್ಲಬೇಕು.

ಸಂಜೆ ಭೀಮರಾಜ್ ಬಂದ. ಊರಿನ ಹಾಲಿನ ಡೈರಿಯ ಕಾರ್ಯದರ್ಶಿ ಅವನು. ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನು. ವೆಂಕಟ ಸಿಕ್ಕಿದ ದಿನ ನನ್ನನ್ನು ತನ್ನ ಜೀಪಿನಲ್ಲಿ ಕೂರಿಸಿಕೊಂಡು ಬಾವಿಯ ಹತ್ತಿರ ಕರೆದುಕೊಂಡು ಹೋದವನೂ ಅವನೇ.

"ಅಣ್ಣ, ಆ ಜಡ್ಜಿನ್ನ ಬಿಡಬಾರದು" ಎಂದ. "ಟಿವಿನಲ್ಲಿ ನೋಡಿದೀನಿ. ನೂರು ಜನ ಸಹಿ ಹಾಕಿದ್ರೆ ದೊಡ್ಡ ಕೋರ್ಟಿನ ಜಡ್ಜಿನ್ನೂ ಇಳಿಸಬಹುದು. ನಮ್ಮ ಡೈರಿ ಪ್ರೆಸಿಡೆಂಟನ್ನ ಇಳಿಸಲಿಲ್ವಾ ನಾನು? ಎಪ್ಪತ್ತೇ ಸಹಿ. ಮೂರನೇ ದಿನಕ್ಕೆ ಕುರ್ಚಿ ಖಾಲಿ."

"ಇದು ಡೈರಿ ಅಲ್ಲವಲ್ಲ, ಭೀಮ."

"ಎಲ್ಲಾ ಒಂದೇ ಅಣ್ಣ. ಕುರ್ಚಿ ದೊಡ್ಡದು, ಅದಕ್ಕೆ ನೂರು. ನಮ್ಮ ಡೈರಿಗೆ ಬೆಳಿಗ್ಗೆ ಹಾಲು ಹಾಕೋರೇ ನೂರಿಪ್ಪತ್ತು ಜನ. ಒಂದು ಹೊತ್ತಿನ ಕೆಲಸ."

ನಾನು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಆಗೆಲ್ಲ ಯಾರು ಏನು ಹೇಳಿದರೂ ನನಗೆ ಅದು ಪಕ್ಕದ ಮನೆಯಲ್ಲಿ ಆಡುತ್ತಿರುವ ಮಾತಿನಂತೆ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ನನ್ನನ್ನು ಡೈರಿಗೆ ಕರೆಸಿಕೊಂಡು ಮೇಜಿನ ಪಕ್ಕದಲ್ಲಿ ಕೂರಿಸಿದ. ಮೇಜಿನ ಮೇಲೆ ಹಾಳೆ, ಪೆನ್ನು, ಹೆಬ್ಬೆಟ್ಟಿಗೆ ಮಸಿ. ಹಾಲು ಅಳೆಸಿದವರು ಹಾಗೆಯೇ ಬಂದು ಸಹಿ ಹಾಕಿ ಹೋಗುತ್ತಿದ್ದರು.

"ಏನಕ್ಕಪ್ಪಾ ಇದು, ಫ್ಯಾಟಿನ ರೇಟು ಜಾಸ್ತಿ ಮಾಡ್ತಾರಾ?" ಎಂದು ಒಬ್ಬ ಮುದುಕ ಕೇಳಿದ.

"ಜಡ್ಜಿನ್ನ ತೆಗೆಯಕ್ಕೆ ತಾತ."

"ಯಾವೂರೋನು?"

"ದಿಲ್ಲಿಯೋನು."

"ಹಾಗಾದ್ರೆ ಎರಡು ಹೆಬ್ಬೆಟ್ಟು ಒತ್ತುತೀನಿ, ದೂರ ಆಯ್ತಲ್ಲ" ಎಂದು ಮುದುಕ ಹೇಳಿದ. ಸಾಲಿನಲ್ಲಿದ್ದವರು ನಕ್ಕರು. ನನ್ನನ್ನು ಕಂಡು ನಗು ನಿಲ್ಲಿಸಿದರು.

ಅಷ್ಟರಲ್ಲಿ ರಾಮಲಕ್ಷ್ಮಮ್ಮನ ಸರದಿ ಬಂತು. ಅವಳು ಕದಿರೇಶನ ತಾಯಿ. ಮಗ ಜೈಲಿಗೆ ಹೋದ ಮೇಲೆ ಒಂದು ಹಸು ಕಟ್ಟಿಕೊಂಡು ಬದುಕಿದವಳು. ಅವಳು ಸಾಲಿನಲ್ಲಿ ಬರುತ್ತಾಳೆಂಬುದು ಭೀಮರಾಜನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವನು ಹಾಳೆಯ ಮೇಲೆ ಕೈ ಇಟ್ಟು ಮುಚ್ಚಿದ.

"ಯಾಕೆ ಮುಚ್ತೀಯ ಭೀಮಣ್ಣ? ಊರಿಗೆಲ್ಲಾ ಗೊತ್ತಾಗಿದೆ" ಎಂದಳು ಅವಳು. ಕೂಗಾಡಲಿಲ್ಲ. "ಕೊಡು, ನಾನೂ ಒತ್ತುತೀನಿ. ಆದ್ರೆ ಒಂದು ಬರ್ಕೋ. ಸಾಕ್ಷಿ ಇಲ್ಲದೆ ನನ್ನ ಮಗನ್ನ ಎಂಟು ವರ್ಷ ಒಳಗಿಟ್ಟೋರು ಇದಾರಲ್ಲ, ಅವರ ಹೆಸರೂ ಬರ್ಕೋ. ತೆಗೆದ್ರೆ ಎಲ್ಲರನ್ನೂ ತೆಗೀಲಿ."

ಅವಳು ನನ್ನ ಕಡೆ ತಿರುಗಿದಳು.

"ಆಂಜಿನಪ್ಪಣ್ಣ, ಸೋಮವಾರ ಬರ್ತಾನೆ ಅವನು. ಕಟ್ಟೆಗೆ ಬರ್ತೀವಿ. ನಿಮ್ಮ ಕೈಯಿಂದ ತೀರ್ಥ ಕೊಡಬೇಕು." ಇಷ್ಟು ಹೇಳಿ ಖಾಲಿ ಕ್ಯಾನನ್ನು ಎತ್ತಿಕೊಂಡು ಹೊರಟುಹೋದಳು.

ಕಟ್ಟೆಯ ವಿಷಯವನ್ನು ಇಲ್ಲಿ ಹೇಳಬೇಕು. ಬೈರಕೂರಿನ ಆಚೆ ನಮ್ಮ ಏಳು ಹಳ್ಳಿಗಳಿಗೆ ಸೇರಿದ ಒಂದು ಆಂಜನೇಯನ ಗುಡಿಯಿದೆ. ಗುಡಿಯ ಮುಂದಿನ ಅರಳಿಕಟ್ಟೆಯ ಮೇಲೆ ಐವರು ಹಿರಿಯರು ಕಂಬಳಿ ಹಾಸಿ ಕೂರುತ್ತಾರೆ. ಬದುವಿನ ಜಗಳ, ಗಂಡ ಹೆಂಡಿರ ಜಗಳ, ಅಣ್ಣತಮ್ಮಂದಿರ ಪಾಲು, ಇಂಥವು ಮಾತ್ರ ಅಲ್ಲಿಗೆ ಬರುತ್ತವೆ. ಕೊಲೆ, ಕಳವು ಪೊಲೀಸರಿಗೆ. ಆದರೆ ಬೇಡಿ ತೊಟ್ಟು ಊರು ಬಿಟ್ಟು ಹೋದವನು ಹಿಂದಿರುಗಿದರೆ ಕಟ್ಟೆಯ ಯಜಮಾನ ತನ್ನ ಕೈಯಿಂದ ತೀರ್ಥ ಕೊಡಬೇಕು. ಅಲ್ಲಿಯವರೆಗೆ ಯಾರೂ ಅವನನ್ನು ಮನೆಯೊಳಗೆ ಕರೆಯುವುದಿಲ್ಲ, ಅವನ ಮನೆಯ ಶುಭ ಅಶುಭಕ್ಕೆ ಹೋಗುವುದಿಲ್ಲ. ಯಜಮಾನ ಕೊಡುವುದಿಲ್ಲ ಎಂದರೆ ಅವನು ಬೇರೆ ಊರು ನೋಡಿಕೊಳ್ಳಬೇಕು. ಇದು ಕಾನೂನಲ್ಲ. ಆದರೂ ನಮ್ಮಲ್ಲಿ ನಡೆದುಕೊಂಡು ಬಂದಿದೆ.

ಆ ಕಟ್ಟೆಯ ಯಜಮಾನ ನಾನೇ.

ಭಾನುವಾರ ರಂಜಿತ ಕೋಲಾರದಿಂದ ಬಂದಳು. ನಮ್ಮ ಅಣ್ಣನ ಮಗಳು, ವಕೀಲಿ ಮಾಡುತ್ತಾಳೆ. ಭೀಮರಾಜ್ ಹಾಳೆಗಳನ್ನು ಅವಳ ಮುಂದೆ ಇಟ್ಟ.

ಅವಳು ಓದಿ ಹಾಳೆಗಳನ್ನು ಮಡಿಸಿಟ್ಟಳು. "ಮಾವ, ನೂರು ಜನ ಅಂದ್ರೆ ಲೋಕಸಭೆಯ ನೂರು ಜನ ಸದಸ್ಯರು. ಇಲ್ಲಾಂದ್ರೆ ರಾಜ್ಯಸಭೆಯ ಐವತ್ತು ಜನ. ನೀವು ನಮ್ಮ ಹಾಲಿನೋರ ಹತ್ರ ಹಾಕಿಸಿದೀರ."

"ಅವರೂ ನಮ್ಮ ಓಟಿನಿಂದ ಹೋದೋರೇ ಅಲ್ಲವೇನಮ್ಮ? ಮೂಲ ನಾವೇ" ಎಂದ ಭೀಮರಾಜ್.

"ಮೂಲ ನೀವೇ, ಸಹಿ ಅವರದ್ದೇ ಬೇಕು. ಅದು ಬರೀ ನೋಟಿಸಿಗೆ. ಆಮೇಲೆ ಮೂರು ಜನ ವಿಚಾರಣೆ ಮಾಡಬೇಕು: ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒಬ್ಬರು, ಯಾವುದಾದರೂ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಒಬ್ಬರು, ಕಾನೂನು ಬಲ್ಲ ದೊಡ್ಡವರು ಒಬ್ಬರು. ಅವರು ತಪ್ಪು ರುಜುವಾತಾಗಿದೆ ಅಂದ್ರೆ ಎರಡೂ ಸಭೆಯಲ್ಲಿ ಓಟು. ಬಂದು ಓಟು ಹಾಕಿದೋರಲ್ಲಿ ಮೂರರಲ್ಲಿ ಎರಡು ಪಾಲು ಹೂಂ ಅನ್ನಬೇಕು, ಅದು ಸಭೆಯ ಒಟ್ಟು ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಇರಬೇಕು. ಆಮೇಲೆ ರಾಷ್ಟ್ರಪತಿ ಆಜ್ಞೆ. ಇವತ್ತಿನವರೆಗೆ ಸುಪ್ರೀಂ ಕೋರ್ಟಿನ ಒಬ್ಬರನ್ನೂ ಹೀಗೆ ತೆಗೆದಿಲ್ಲ."

"ಒಬ್ಬರನ್ನೂ?"

"ಒಬ್ಬರನ್ನೂ ಇಲ್ಲ. ಅರವತ್ತೈದಾದ್ರೆ ಅವರೇ ಇಳೀತಾರೆ. ಅಷ್ಟೇ."

ನಾನು ಕೇಳಿದೆ: "ತೀರ್ಪು ತಪ್ಪಾದ್ರೆ?"

"ತೀರ್ಪು ತಪ್ಪಾಯ್ತು ಅಂತ ಜಡ್ಜಿನ್ನ ತೆಗೆಯಲ್ಲ ಚಿಕ್ಕಪ್ಪ. ನಡತೆ ಕೆಟ್ಟಿರಬೇಕು, ಇಲ್ಲಾ ಕೆಲಸ ಮಾಡೋ ಶಕ್ತಿ ಹೋಗಿರಬೇಕು. ತೀರ್ಪು ಹಿಡಿಸಲಿಲ್ಲ ಅಂತ ತೆಗೆಯೋಹಾಗಿದ್ರೆ, ದಿನಾ ಸೋತೋರೆಲ್ಲಾ ಒಬ್ಬೊಬ್ಬರನ್ನ ತೆಗೆಸ್ತಿದ್ರು. ಇನ್ನೊಂದು ಸಲ ನೋಡಿ ಅಂತ ಅರ್ಜಿ ಹಾಕಬಹುದು. ಅದೂ ಸಾಮಾನ್ಯವಾಗಿ ಅದೇ ಜಡ್ಜುಗಳ ಮುಂದೇನೇ ಹೋಗುತ್ತೆ."

"ಬೇಡ" ಎಂದೆ.

ಶ್ಯಾಮಲಮ್ಮ ಒಳಗಿನಿಂದ ರಾಗಿಮುದ್ದೆ ಇಟ್ಟ ತಟ್ಟೆ ತಂದಳು. ಕೂಡದೆ ಅಲ್ಲೇ ನಿಂತು, "ಅವರನ್ನ ಅಲ್ಲಿ ಕೂರಿಸೋದು ಯಾರಮ್ಮ?" ಎಂದು ಕೇಳಿದಳು.

"ಅವರೇ ಚಿಕ್ಕಮ್ಮ. ಮುಖ್ಯ ನ್ಯಾಯಮೂರ್ತಿ, ಅವರ ಜೊತೆ ಹಿರಿಯರು ನಾಲ್ಕು ಜನ. ಐದೂ ಜನ ಕೂತು ಹೆಸರು ಬರೆದು ಸರ್ಕಾರಕ್ಕೆ ಕಳಿಸ್ತಾರೆ. ಸರ್ಕಾರ ಕೆಲವು ಸಲ ಕೂಡಲೇ ಒಪ್ಪುತ್ತೆ, ಕೆಲವು ಸಲ ಇಟ್ಕೊಂಡು ಕೂರುತ್ತೆ. ಕೊನೆಗೆ ರಾಷ್ಟ್ರಪತಿಗಳ ಸಹಿ. ಮುಖ್ಯ ನ್ಯಾಯಮೂರ್ತಿ ನಿವೃತ್ತಿಯಾಗೋವಾಗ ಮುಂದೆ ಯಾರು ಅಂತ ಅವರೇ ಹೇಳಿ ಹೋಗೋದು ವಾಡಿಕೆ. ಹಿರಿತನ ನೋಡಿ ಹೇಳ್ತಾರೆ."

"ಲೇ, ಇದು ನಮ್ಮ ಕಟ್ಟೆ ಕಣೇ!" ಎಂದು ಭೀಮರಾಜ್ ತೊಡೆ ತಟ್ಟಿದ. "ಐದು ಜನ, ಹಿರಿತನ, ಏಳೋನು ಮುಂದಿನೋನ ಹೆಸರು ಹೇಳೋದು. ದಿಲ್ಲಿಯೋರು ನಮ್ಮನ್ನ ನೋಡಿ ಮಾಡ್ಕೊಂಡಿದಾರೆ."

ರಂಜಿತ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಿಧಾನವಾಗಿ ಹೇಳಿದಳು: "ಚಿಕ್ಕಪ್ಪ, ನಾಳೆ ಕಟ್ಟೆಗೆ ಅವನು ಬರ್ತಾನಂತೆ. ತಮ್ಮ ಮನೆಗೆ ಸೇರಿದ ಕೇಸು ಬಂದ್ರೆ ಜಡ್ಜುಗಳು ಎದ್ದು ಬೇರೆಯೋರಿಗೆ ಬಿಡ್ತಾರೆ. ನೀವು ನಾಳೆ ಕೂರಬಾರದು."

ಅದು ನನಗೆ ತಿಳಿದದ್ದೇ. ಡೈರಿಯಿಂದ ಬಂದಂದಿನಿಂದ ತಿಳಿದಿತ್ತು. ಆದರೆ ನಮ್ಮ ಕಟ್ಟೆಯಲ್ಲಿ ಒಂದು ದಿನದ ಮಟ್ಟಿಗೆ ಏಳುವುದೆಂಬುದಿಲ್ಲ. ಎದ್ದವನು ಎದ್ದಂತೆಯೇ. ಏಳುವ ಮುನ್ನ ಮುಂದಿನವನ ಹೆಸರು ಹೇಳಬೇಕು, ಉಳಿದವರು ಹೂಂ ಎನ್ನಬೇಕು. ಹಿರಿತನ ನೋಡುವುದು ವಾಡಿಕೆ. ಹಿರಿಯನನ್ನು ಬಿಟ್ಟು ಕಿರಿಯನ ಹೆಸರು ಹೇಳಿದರೂ ತಡೆಯುವವರಿಲ್ಲ.

ನನ್ನ ನಂತರ ಹಿರಿಯ ಎಂದರೆ ದೊಡ್ಡಮುನಿಯಪ್ಪ. ವಯಸ್ಸಿನಲ್ಲಿ ನನಗಿಂತ ದೊಡ್ಡವನೇ, ಆದರೆ ಕಟ್ಟೆಗೆ ನನ್ನ ನಂತರ ಬಂದವನು. ವೆಂಕಟ ಹೋದ ವಾರ ಎಲ್ಲರೂ ಕದಿರೇಶನ ಹೆಸರು ಹೇಳುತ್ತಿದ್ದಾಗ ಅವನೊಬ್ಬ, "ಆ ಬಾವಿಗೆ ಒಂದು ಕಡೆ ಸುತ್ತುಗೋಡೆಯೇ ಇಲ್ಲ. ನಾನು ಹೋಗಿ ನೋಡಿ ಬಂದೆ" ಎಂದಿದ್ದ. ಅಂದಿನಿಂದ ನಾನು ಅವನೊಂದಿಗೆ ಕಟ್ಟೆಯ ಮಾತು ಬಿಟ್ಟು ಬೇರೆ ಮಾತಾಡಿಲ್ಲ. ಅವನ ಹೆಸರು ಹೇಳಿದರೆ ಕದಿರೇಶನಿಗೆ ತೀರ್ಥ ಸಿಗುತ್ತದೆ. ಅವನ ನಂತರ ಕಟ್ಟೆಗೆ ಬಂದ ಮೂವರಲ್ಲಿ ಗಟ್ಟಿಯಾಗಿ ಮಾತಾಡುವವನು ಭೀಮರಾಜ್. ಅವನ ಹೆಸರು ಹೇಳಿದರೆ ಸಿಗುವುದಿಲ್ಲ. ಯಾರಿಗೂ ಇದರಲ್ಲಿ ಸಂಶಯವಿರಲಿಲ್ಲ.

ರಂಜಿತ ಬಸ್ಸಿಗೆ ಹೊರಟ ಮೇಲೆ ಭೀಮರಾಜ್ ಜಗಲಿಯಲ್ಲಿ ಉಳಿದ.

"ಅಣ್ಣ, ಆ ದಿಲ್ಲಿದೆಲ್ಲಾ ಬಿಡಿ. ಅದು ನಮ್ಮ ಕೈಗೆ ಎಟುಕಲ್ಲ. ಇದು ಎಟುಕುತ್ತೆ. ನಾಳೆ ನನ್ನ ಹೆಸರು ಹೇಳಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಕದಿರೇಶ ಹೇಳೋದು ಕೇಳ್ತೀಯಾ?"

"ಏನಿದೆ ಅಣ್ಣ ಕೇಳೋದು? ನಾನು ಕೂತ್ರೆ ಎರಡೇ ಮಾತು. ತೀರ್ಥ ಇಲ್ಲ, ನಡಿ."

ಅವನು ಹೇಳಿದ್ದು ನನ್ನ ಮೇಲಿನ ಪ್ರೀತಿಯಿಂದಲೇ. ಅದರಲ್ಲಿ ಅನುಮಾನವಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತಾ ಶ್ಯಾಮಲಮ್ಮ, "ಆ ಕೈಗೆ ತೀರ್ಥ ಬೀಳಬಾರದು" ಎಂದಳು. ಅಷ್ಟೇ ಹೇಳಿದಳು. ಎಂಟು ವರ್ಷದಲ್ಲಿ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ.

ಸೋಮವಾರ ಬೆಳಿಗ್ಗೆ ಬಾವಿಯ ನೀರು ಸೇದಿ ಸ್ನಾನ ಮಾಡಿ ಗುಡಿಗೆ ಹೋದೆ. ಸ್ವಾಮಿಯ ಮುಂದೆ ನಿಂತೆ. ಬೇಡಿಕೊಳ್ಳೋಣವೆಂದರೆ ಏನನ್ನು ಬೇಡಬೇಕೆಂದು ತೋಚಲಿಲ್ಲ. ಭೀಮರಾಜನ ಹೆಸರನ್ನು ಬಾಯಲ್ಲಿ ಹೇಳಿ ನೋಡಿದೆ. ಸುಲಭವಾಗಿಯೇ ಬಂತು. ದೊಡ್ಡಮುನಿಯಪ್ಪನ ಹೆಸರನ್ನೂ ಹೇಳಿ ನೋಡಿದೆ. ಅದೂ ಬಂತು. ಅರ್ಚಕರು, "ಯಾರ ಹೆಸರಲ್ಲಿ ಅರ್ಚನೆ ಯಜಮಾನರೇ?" ಎಂದು ಕೇಳಿದರು. ವೆಂಕಟನ ನಕ್ಷತ್ರ ಹೇಳಹೊರಟು, ನಿಲ್ಲಿಸಿ, "ಸ್ವಾಮಿ ಹೆಸರಲ್ಲೇ ಮಾಡಿ" ಎಂದೆ.

ಹೊರಗೆ ಜನ ಸೇರಿದ್ದರು. ಏಳೂರಿನವರೂ ಬಂದಿದ್ದರು. ಕಂಬಳಿ ಹಾಸಿತ್ತು. ಕಟ್ಟೆಯ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕದಿರೇಶ ಕುಳಿತಿದ್ದ. ಅವನ ಕೂದಲು ಅರ್ಧ ಬೆಳ್ಳಗಾಗಿತ್ತು. ವೆಂಕಟನಿಗೂ ಈಗ ಅಷ್ಟೇ ವಯಸ್ಸಾಗಿರುತ್ತಿತ್ತು ಎಂದು ಲೆಕ್ಕ ಹಾಕಿದೆ. ಲೆಕ್ಕ ಹಾಕಿದೆನೇ ಹೊರತು ಎದೆಯಲ್ಲಿ ಏನೂ ಅಲುಗಲಿಲ್ಲ.

ನಾನು ಕಂಬಳಿಯ ಮೇಲೆ ಕೂರದೆ ಅದರ ಅಂಚಿನಲ್ಲಿ ನಿಂತೆ. "ಇದು ನನ್ನ ಮನೆಯ ವಿಷಯ. ನಾನು ಕೂರೋಹಾಗಿಲ್ಲ. ಯಜಮಾನಿಕೆಯಿಂದ ಏಳ್ತಿದ್ದೀನಿ" ಎಂದೆ.

ಗುಜುಗುಜು ಎದ್ದಿತು. ಭೀಮರಾಜ್ ಶಲ್ಯ ಸರಿಮಾಡಿಕೊಂಡ. ದೊಡ್ಡಮುನಿಯಪ್ಪ ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ತನ್ನ ಹೆಸರು ಬರುತ್ತದೆಂದು ಅವನು ಎಣಿಸಿರಲಿಲ್ಲ.

ಭೀಮರಾಜನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಶ್ಯಾಮಲಮ್ಮ ಕೇಳಿದ ಒಂದು ಮಾತು ನಡೆದಂತಾಗುತ್ತಿತ್ತು. ಆದರೆ ತೀರ್ಪನ್ನು ಮೊದಲೇ ಕಟ್ಟಿಟ್ಟುಕೊಂಡು, ಅದನ್ನು ಹೊರಲು ಆಳು ಹುಡುಕಿದಂತೆ ಆಗುತ್ತಿತ್ತು ಅದು. ಹಾಗೆ ಕೂರಿಸುವುದಾದರೆ ನಾನೇ ಕೂರಬಹುದಾಗಿತ್ತು. ಎದ್ದದ್ದಕ್ಕೆ ಅರ್ಥವೇನು ಉಳಿಯಿತು?

"ಮುಂದಕ್ಕೆ ದೊಡ್ಡಮುನಿಯಪ್ಪ" ಎಂದೆ.

ಭೀಮರಾಜ್ ನನ್ನನ್ನೇ ನೋಡಿದ. "ಅಣ್ಣಾ..." ಎಂದ. ಆಮೇಲೆ ಉಳಿದಿಬ್ಬರು ಹೂಂ ಎಂದರು. ಕೊನೆಗೆ ಅವನೂ ಹೂಂ ಎಂದ. ಅವನ ದನಿ ನನಗೆ ಕೇಳಿಸಿತು, ಜನಕ್ಕೆ ಕೇಳಿಸಲಿಲ್ಲ.

ದೊಡ್ಡಮುನಿಯಪ್ಪ ಎಲೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. "ಏನ್ಲಾ ಆಂಜಿ, ಸರಿಯಾಗಿ ಯೋಚನೆ ಮಾಡಿದ್ಯಾ?" ಎಂದ. ಎಂಟು ವರ್ಷದ ಮೇಲೆ ಅವನು ನನ್ನನ್ನು ಹಾಗೆ ಕರೆದದ್ದು.

"ಮಾಡಿದೀನಿ. ಕೂತ್ಕೋ."

ಅವನು ಕುಳಿತ. ನಾನು ಕಟ್ಟೆಯಿಂದ ಇಳಿದು ಜನರ ನಡುವೆ ಜಾಗ ಮಾಡಿಕೊಂಡು ಕುಳಿತೆ. ಪಕ್ಕದವರು ಸ್ವಲ್ಪ ಸರಿದುಕೊಂಡರು.

"ಕದಿರೇಶ, ಕೋರ್ಟು ಬಿಟ್ಟಿದೆ ಅಂತ ನಾನು ಬಿಡಲ್ಲ" ಎಂದ ದೊಡ್ಡಮುನಿಯಪ್ಪ. "ಇಲ್ಲಿ ವಕೀಲರಿಲ್ಲ. ಸ್ವಾಮಿ ಬಾಗಿಲು ತೆಗೆದಿದೆ. ಅವತ್ತು ಏನಾಯ್ತು, ನಿನ್ನ ಬಾಯಲ್ಲಿ ಹೇಳು."

ಕದಿರೇಶ ಎದ್ದು ನಿಂತ. "ಜಗಳ ಆಡಿದ್ದು ನಿಜ ತಾತ. ಅವನೂ ಕುಡಿದಿದ್ದ, ನಾನೂ ಕುಡಿದಿದ್ದೆ. ಬಾವಿ ಹತ್ರ ಕೂತು ಬೈತಿದ್ದ. ನೀನೂ ಬೇಡ ನಿನ್ನ ಮಂಡಿನೂ ಬೇಡ ಅಂತ ನಾನು ಗಾಡಿ ತಗೊಂಡು ಬಂದ್ಬಿಟ್ಟೆ. ಹಿಂದಿನಿಂದ ಕೂಗಿದ. ನಾನು ತಿರುಗಲಿಲ್ಲ. ನಾನು ಕೈ ಮಾಡಿಲ್ಲ. ತಿರುಗಬೇಕಾಗಿತ್ತು." ಇನ್ನೂ ಏನೋ ಹೇಳಹೋಗಿ ನಿಲ್ಲಿಸಿ ಕುಳಿತ.

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ನಿಜವಾದರೆ ನನಗೆ ತಿಳಿದೇ ತಿಳಿಯುತ್ತದೆ, ಸುಳ್ಳಾದರೂ ತಿಳಿಯುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ. ಏನೂ ತಿಳಿಯಲಿಲ್ಲ. ದೆಹಲಿಯಲ್ಲಿ ಕುಳಿತವರಿಗೂ ಹೀಗೆಯೇ ಆಗಿತ್ತೋ ಏನೋ. ಅವರು ಅವನ ಮುಖವನ್ನು ಕಂಡಿರಲಾರರು, ಕಾಗದಗಳನ್ನು ಕಂಡಿರುತ್ತಾರೆ. ನಾನು ಮುಖವನ್ನು ಕಂಡೆ. ಹೆಚ್ಚೇನೂ ಸಿಗಲಿಲ್ಲ.

ದೊಡ್ಡಮುನಿಯಪ್ಪ ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತಿದ್ದ. ಯಾರೋ, "ನಿದ್ದೆ ಹೋದ್ನಾ ಹೇಗೆ?" ಎಂದು ಪಿಸುಗುಟ್ಟಿದರು. "ಎಚ್ಚರವಾಗೇ ಇದೀನಿ ಕಣಯ್ಯಾ" ಎಂದು ಕಣ್ಣು ತೆರೆದ. "ಇಲ್ಲ ಅನ್ನೋಕೆ ನನ್ನ ಹತ್ರ ಏನೂ ಇಲ್ಲ. ಹೌದು ಅನ್ನೋಕೂ ಇಲ್ಲ. ಊರು ಬಿಡಿಸೋಕೆ ಗೊತ್ತಿರಬೇಕು. ಊರಲ್ಲಿ ಇರಿಸ್ಕೊಳ್ಳೋಕೆ ಗೊತ್ತಿಲ್ದಿದ್ರೂ ನಡೆಯುತ್ತೆ. ಆದ್ರೆ ಒಂದು, ಆಂಜಿನಪ್ಪನ ಮನೆ ಬೀದಿಯಲ್ಲಿ ನೀನು ಓಡಾಡಬೇಡ. ಆ ತಾಯಿ ಕಣ್ಣಿಗೆ ಬೀಳಬೇಡ. ಕೆರೆ ಕಡೆಯಿಂದ ಬಳಸಿಕೊಂಡು ಹೋಗು. ಎಷ್ಟು ದಿನ ಅಂತ ಕೇಳಬೇಡ."

"ಆಗಲಿ ತಾತ" ಎಂದ ಕದಿರೇಶ.

ಅರ್ಚಕರು ತಂಬಿಗೆ ತಂದರು. ದೊಡ್ಡಮುನಿಯಪ್ಪ ಕಟ್ಟೆಯಿಂದ ಇಳಿದು ಉದ್ಧರಣೆಯಿಂದ ಅವನ ಅಂಗೈಗೆ ತೀರ್ಥ ಹಾಕಿದ. ರಾಮಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಮ್ಮಲ್ಲಿ ಹೀಗೆ ಒಬ್ಬನಿಗೆ ಕೊಟ್ಟ ಮೇಲೆ ಅದೇ ತಂಬಿಗೆಯಿಂದ ಕುಳಿತವರಿಗೆಲ್ಲ ಕೊಡಬೇಕು. ತೆಗೆದುಕೊಂಡವರು ಒಪ್ಪಿದಂತೆ. ಬೇಡವಾದವರು ಎದ್ದು ಹೋಗಬಹುದು. ಭೀಮರಾಜ್ ಡೈರಿಯಲ್ಲಿ ಕೆಲಸವಿದೆ ಎಂದು ಹೊರಟುಹೋದ. ಇನ್ನೂ ಕೆಲವರು ಎದ್ದರು. ತಂಬಿಗೆ ನನ್ನ ಸಾಲಿಗೆ ಬಂತು.

ಮನೆಗೆ ಬಂದಾಗ ಶ್ಯಾಮಲಮ್ಮ ಅವರೆಕಾಳು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕೊಟ್ಟರಾ?"

"ಕೊಟ್ಟರು."

"ಭೀಮನೇ ಕೊಟ್ಟನಾ?"

"ದೊಡ್ಡಮುನಿಯಪ್ಪ. ನಾನೇ ಹೇಳಿದೆ ಅವನ ಹೆಸರು."

ಅವಳ ಕೈ ನಿಂತಿತು. ಮತ್ತೆ ಕಾಳು ಬಿಡಿಸತೊಡಗಿದಳು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.

"ನೀವು ತಗೊಂಡ್ರಾ?"

"ತಗೊಂಡೆ."

"ನಾನಾಗಿದ್ರೆ ತಗೋತಿರಲಿಲ್ಲ" ಎಂದಳು.

"ಗೊತ್ತು" ಎಂದೆ.

"ನಾಳೆ ಅಲ್ಲ ಇನ್ನು ಹತ್ತು ವರ್ಷ ಆದ್ರೂ ತಗೊಳಲ್ಲ. ನಿಮ್ಮ ಕಟ್ಟೆ ಕಟ್ಟಿಕೊಂಡು ನನಗೇನೂ ಆಗಬೇಕಾಗಿಲ್ಲ."

ನಾನು ಅವಳ ಎದುರಿಗೆ ನೆಲದ ಮೇಲೆ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಅವರೆಕಾಯಿಯ ರಾಶಿಯಲ್ಲಿ ಅರ್ಧವನ್ನು ನನ್ನ ಕಡೆ ತಳ್ಳಿದಳು.